ಮಗುಟದ ಹಗ್ಗ

"ನೂಲಿನ ಹಗ್ಗಕ್ಕ ಮೈಲಿಗಿ ಹತ್ತತದ. ಅದನ್ನ ಕೆಳಗ ಬಿಡಬ್ಯಾಡ," ಎಂದು ವೆಂಕಣ್ಣ ಹೊಗೆಗೂಡಿನೊಳಗೆ ಮುಖ ಎತ್ತಿ ಕೂಗಿದ.

ಮೇಲೆ ಹಂಚಿನ ಮೇಲೆ ಕೂತಿದ್ದ ಕಾಸಿಮಸಾಬ ಎರಡಾಳುದ್ದದ ತಗಡಿನ ಕೊಳವೆಯನ್ನು ತಬ್ಬಿ ಹಿಡಿದುಕೊಂಡಿದ್ದ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ರೈಲು ಇಂಜಿನ್ನುಗಳಿಗೆ ಹೊಗೆ ಕೊಳವೆ ಕೂಡಿಸಿದ ಮನುಷ್ಯ. ಸಪ್ತಾಪುರದ ಈ ಅಡಿಗೆಮನೆಗೆ ಮಾತ್ರ ಅವನು ಕಾಲಿಡುವಂತಿರಲಿಲ್ಲ. ಬೆಳಿಗ್ಗೆಯೇ ಕರಾರಾಗಿತ್ತು: ಹಂಚಿನ ಮೇಲಿನ ಕೆಲಸ ಕಾಸಿಮಸಾಬನದು, ಹಂಚಿನ ಕೆಳಗಿನದು ವೆಂಕಣ್ಣನದು. ನಡುವಿನ ಗಾಳಿ ಯಾರದೆಂದು ಶಾಸ್ತ್ರ ಇನ್ನೂ ಹೇಳಿರಲಿಲ್ಲ.

ಗೋದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಗಂಡ ವೆಂಕಣ್ಣ ಎರಡು ವರ್ಷದ ಹಿಂದೆ ಯಾವುದೋ ಸಾಹೇಬರ ಬಂಗಲೆ ನೋಡಿ ಬಂದು, ಗಾರೆಯಿಲ್ಲದೆ ಬರೀ ಮಣ್ಣಿನಲ್ಲಿ ಈ ಹೊಗೆಗೂಡು ಕಟ್ಟಿಸಿದ್ದ. ಇಟ್ಟಿಗೆಯ ಸಂದುಗಳಿಂದ ಹೊಗೆಯೆಲ್ಲ ತಿರುಗಿ ಅವಳ ಮುಖಕ್ಕೇ ಬರುತ್ತಿತ್ತು. ಒಳಗೊಂದು ತಗಡಿನ ಕೊಳವೆ ಇಳಿಸದೆ ಇನ್ನೊಂದು ವರ್ಷ ಈ ಹೊಗೆ ಕುಡಿದರೆ ಕಣ್ಣು ಹೋದಂತೆಯೇ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೇಳಿ ವೆಂಕಣ್ಣನಿಗೂ ಚಿಂತೆಯಾಗಿತ್ತು. ಕುರುಡಿ ಅಡಿಗೆ ಮಾಡಿದರೆ ಮಡಿ ಉಳಿಯುವುದು ಹೇಗೆ?

"ಮತ್ತ ಯಾತರಲೆ ಇಳಸ್ಲಿ ರಾಯರ?" ಎಂದು ಮೇಲಿನಿಂದ ಕಾಸಿಮಸಾಬ ಕೇಳಿದ.

"ರೇಶಿಮಿಗೆ ಮೈಲಿಗಿ ಇಲ್ಲ," ಎಂದು ವೆಂಕಣ್ಣ ಪೂಜೆಗೆ ಉಡುವ ರೇಷ್ಮೆ ಮಗುಟಗಳೆರಡನ್ನು ಒಂದಕ್ಕೊಂದು ಗಂಟು ಹಾಕಿ, ಹಿತ್ತಲಿನ ಏಣಿ ಹತ್ತಿ ಮೇಲಕ್ಕೆ ಎಸೆದ.

"ತಗಡ ಭಾರ ಐತ್ರಿ. ರೇಶಿಮಿ ಜಾರತೈತಿ."

"ಶಾಸ್ತ್ರ ಜಾರೂದಿಲ್ಲ. ನೀ ಬಿಡು."

"ಆತ್ರಿ. ತಲಿ ಅಷ್ಟು ಹಿಂದಕ್ಕ ತೊಗೊಳ್ರಿ."

ಅರ್ಧ ದಾರಿಯವರೆಗೆ ಕೊಳವೆ ಬಲು ಮರ್ಯಾದೆಯಿಂದ ಇಳಿಯಿತು. ಅದರ ಕೆಳತುದಿಯನ್ನು ಇಟ್ಟಿಗೆಯ ಅಂಚಿನ ಮೇಲೆ ಕೂಡಿಸಲೆಂದು ವೆಂಕಣ್ಣ ಮಣೆಯ ಮೇಲೆ ನಿಂತು ಬಲಗೈಯನ್ನು ಭುಜದವರೆಗೂ ಒಳಗೆ ಚಾಚಿದ. ಆಗ ಮಗುಟ ಜಾರಿತು. ಕೊಳವೆ ದಢಾರನೆ ಬಂದು, ಎರಡು ವರ್ಷದ ಮಸಿಯನ್ನೆಲ್ಲ ಅವನ ಮೇಲೆ ಸುರಿದು, ಅವನ ತೋಳನ್ನು ಇಟ್ಟಿಗೆಗೆ ಒತ್ತಿ ಹಿಡಿದು ಓರೆಯಾಗಿ ಸಿಕ್ಕಿಕೊಂಡಿತು.

"ಏ ಇವಳ, ತೋಳು ಹೋತು. ಎಳಿ, ಎಳಿ."

"ಎಳೀಬ್ಯಾಡ್ರಿ ಬಾಯಾರ," ಎಂದು ಮೇಲಿನಿಂದ ಕಾಸಿಮಸಾಬ ಕೂಗಿದ. "ತಗಡಿನ ಅಂಚು ಚೂರಿ ಇದ್ದಂಗ ಐತಿ. ಕೆಳಗಿಂದ ಎತ್ತಬೇಕು. ನಾ ಒಳಗ ಬರಬೇಕಾಗತೈತ್ರಿ."

"ಅವ ಬ್ಯಾಡ. ನಮ್ಮವರನ್ನ ಯಾರನ್ನರೆ ಕರಿ. ಬಾಜೂ ಮನಿ ರಮಾಕಾಂತನ್ನ ಕರಿ."

"ರಮಾಕಾಂತ ಕಚೇರಿಗೆ ಹೋಗ್ಯಾನ. ಸಂಜಿಗೆ ಬರತಾನ. ಅಲ್ಲೀತನಕ ಹಿಂಗ ಜೋತಾಡತೀರೇನು?"

ಇಷ್ಟಂದು ಗೋದಾಬಾಯಿ ಹಿತ್ತಲಿಗೆ ಹೋಗಿ, "ಇಳದು ಬಾರಪ್ಪಾ," ಎಂದಳು. ತಂಬಿಗೆ ತಂದು ತಾನೇ ಕಾಸಿಮಸಾಬನ ಕೈಗೆ ನೀರು ಸುರಿದಳು. ಅವನು ಕೈ ತೊಳೆದುಕೊಂಡು, ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು ಅವಳ ಮುಖ ನೋಡಿ, ಒಳಗೆ ಬಂದ. ಒಂದು ಕೈಯಿಂದ ವೆಂಕಣ್ಣನ ತೋಳು ಬಿಗಿಯಾಗಿ ಹಿಡಿದು, ಇನ್ನೊಂದರಿಂದ ಕೊಳವೆಯನ್ನು ಮೇಲಕ್ಕೆತ್ತಿದ. ತೋಳು ಹೊರಬಂತು. ಬಂದ ಕೆಲಸ ಬಿಟ್ಟು ಹೋಗುವುದೇಕೆಂದು ಕೊಳವೆಯನ್ನು ನೆಟ್ಟಗೆ ಮಾಡಿ, ಅಂಚಿನ ಮೇಲೆ ಕೂಡಿಸಿ, ನಾಲ್ಕು ಪೆಟ್ಟು ಹಾಕಿದ.

"ಒಲಿ ಹಚ್ಚಿ ನೋಡ್ರಿ ಬಾಯಾರ," ಎಂದು ಬಂದ ದಾರಿಯಲ್ಲೇ ಹೊರಗೆ ಹೋದ.

ಅವಳು ಕಟ್ಟಿಗೆ ಒಟ್ಟಿ ಹಚ್ಚಿದಳು. ಹೊಗೆ ಸುಮ್ಮನೆ ಕೊಳವೆ ಹಿಡಿದು ಮೇಲೆ ಹೋಯಿತು. ಎದುರಿನ ನಾಗೊಂದಿಗೆಯ ಮೇಲೆ ಹಿತ್ತಾಳೆಯ ಡಬ್ಬಿಗಳು ಎಷ್ಟಿವೆಯೆಂದು ಒಲೆಯ ಮುಂದೆ ಕೂತೇ ಅವಳಿಗೆ ಎಣಿಸಲು ಬಂತು.

ಮೂಲೆಯಲ್ಲಿ ಕೂತ ವೆಂಕಣ್ಣನಿಗೆ ಈಗ ದಮ್ಮು ತಿರುಗಿ ಬಂದಿತ್ತು. "ಅವ ಒಳಗ ನಿಂತು ಕೂಡಿಸಿದ್ದು ನಡಿಯೂದಿಲ್ಲ. ನಾಳಿನೇ ಆ ಕೊಳವಿ ಕಿತ್ತಸತೀನಿ."

ಗೋದಾಬಾಯಿ ಒಲೆಯಿಂದ ಮುಖ ತಿರುಗಿಸಲಿಲ್ಲ. "ಅವ ಮುಟ್ಟಿದ್ದನ್ನೆಲ್ಲಾ ಕಿತ್ತಸೂದಾದ್ರ, ಮೊದಲ ನಿಮ್ಮ ತೋಳು ಕಿತ್ತಸ್ರಿ. ಆಮ್ಯಾಲ ಕೊಳವಿ ನೋಡೋಣು."

ವೆಂಕಣ್ಣ ತೋಳು ನೋಡಿಕೊಂಡ. ಭುಜದಿಂದ ಬೆರಳ ತುದಿಯವರೆಗೆ ಕರ್ರನೆ ಮಸಿ. ಕಾಸಿಮಸಾಬನ ಒದ್ದೆ ಕೈ ಹಿಡಿದಿದ್ದ ಐದು ಬೆರಳಿನಷ್ಟು ಜಾಗ ಮಾತ್ರ ಬೆಳ್ಳಗೆ, ಸ್ವಚ್ಛವಾಗಿತ್ತು.