ಹೊರಗೆ ಮಲಗುವ ಸುಖ

ಮತ್ತೆ ಕೋಲು ಬಿಲ್ಲಿನಂತೆ ಚಿಮ್ಮಿ ಸಂಕರ್ಷಣನ ಕನ್ನಡಕಕ್ಕೆ ಬಡಿಯಿತು.

ಮಾನ್ವಿಯ ಆ ಮಾಳಿಗೆಯ ಮೇಲೆ ಬೆಳಗಿನಿಂದ ಯುದ್ಧ ನಡೆದಿತ್ತು. ಒಂದು ಕಡೆ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕ ಸಂಕರ್ಷಣ. ಇನ್ನೊಂದು ಕಡೆ ನಿನ್ನೆ ಕೊರಿಯರ್‌ನಲ್ಲಿ ಬಂದ, ಬೆಟ್ಟ ಹತ್ತುವವರು ಬೆನ್ನಿಗೆ ಹಾಕಿಕೊಳ್ಳುವ ಟೆಂಟು. ತೂಕ ಒಂದು ಕುಂಬಳಕಾಯಿಗಿಂತ ಕಡಿಮೆ. ಅದನ್ನು ಅವನು ಓಣಿಗೆಲ್ಲ ಹೇಳಿಯಾಗಿತ್ತು. ಕಾಂಕ್ರೀಟಿನಲ್ಲಿ ಗೂಟ ಇಳಿಯುವುದಿಲ್ಲ ಎಂಬ ಭೌತಶಾಸ್ತ್ರ ಮಾತ್ರ ಗೂಟಗಳೆಲ್ಲ ಸೊಟ್ಟಗಾದ ಮೇಲೆ ಹೊಳೆಯಿತು.

ಪಕ್ಕದ ಮಾಳಿಗೆಯಲ್ಲಿ ಶಾಮಿಯಾನಾ ಅಂಗಡಿಯ ಶಕೀಲ್ ಚಹಾ ಕುಡಿಯುತ್ತ ನಿಂತಿದ್ದ.

"ಸರ್, ನಮ್ಮ ಶಾಮಿಯಾನಾದಾಗ ಊರ ಮಂದಿ ಕುಂತು ಬಿರ್ಯಾನಿ ತಿಂತಾರ. ನಿಮ್ಮದರಾಗ ಮುರ್ಗಿ ಸೈತ ಬಗ್ಗಿ ಕೂಡಬೇಕು ನೋಡ್ರಿ."

ಮೆಟ್ಟಿಲ ಬಾಯಲ್ಲಿದ್ದ ಶ್ರೀಲಕ್ಷ್ಮೀ ನಗಲಿಲ್ಲ. ಮದುವೆಗೆ ಮೊದಲು ಹಿಮ ತೋರಿಸುತ್ತೇನೆ ಎಂದಿದ್ದ ಗಂಡ ಇಲ್ಲಿಯ ತನಕ ತೋರಿಸಿದ್ದು ಫ್ರಿಜ್ಜಿನದು. ಈ ವರ್ಷವೂ ತಪ್ಪಿದರೆ ಇನ್ನು ಬಾಯಿ ಬಿಟ್ಟು ಕೇಳುವುದಿಲ್ಲ ಎಂದು ಯುಗಾದಿಯ ದಿನ ಹೇಳಿಬಿಟ್ಟಿದ್ದಳು. ಈಗ ಟೆಂಟೇ ಬಂದಿದೆ.

"ರೀ, ಇದರಾಗ ಒಬ್ಬರೇ ಹಿಡಿಸ್ತಾರಲ್ರೀ?"

"ಇಬ್ಬರದು ಭಾರ ಆಗ್ತದ."

"ಮತ್ತ, ಹೋಗೋದು ಯಾವಾಗ?"

"ಮೊದಲು ನಿಲ್ಲಲಿ ತಡಿ. ತಿಂಗಳಿಗೊಮ್ಮೆ ಉಪಯೋಗ ಆಗೇ ಆಗ್ತದ. ಹೊರಗ ಮಲಗೋ ಸುಖಾನೇ ಬ್ಯಾರೆ, ಲಕ್ಷ್ಮೀ."

ತಿಂಗಳಿಗೊಮ್ಮೆ! ಅವಳು ಮನಸ್ಸಿನಲ್ಲೇ ಬೂಟು ಕೊಂಡಳು.

ಆಶ್ಚರ್ಯವೆಂದರೆ ಅತ್ತೆ ಕಾವೇರಿಬಾಯಿಯದು. ಸೊಸೆಯ ಹೊಸ ಮಿಕ್ಸರಿಗೇ ಮೈಲಿಗೆ ಹಚ್ಚಿದಾಕೆ ಟೆಂಟಿನ ವಿಷಯದಲ್ಲಿ ಚಕಾರ ಎತ್ತಿರಲಿಲ್ಲ. ಹಿತ್ತಲ ಕೋಣೆಯನ್ನು ಬ್ಯಾಂಕಿನ ಹುಡುಗನಿಗೆ ಬಾಡಿಗೆ ಕೊಟ್ಟಾಗಿನಿಂದ ಗಂಟಿಕ್ಕಿಕೊಂಡಿದ್ದ ಆ ಮುಖದಲ್ಲಿ ಇವತ್ತು ನಗೆ. ನೋಯುವ ಮೊಣಕಾಲು ಹಿಡಿದುಕೊಂಡು, ಕಂಕುಳಲ್ಲಿ ಸುತ್ತಿದ ಹಳೆಯ ಚಾಪೆಯೊಂದನ್ನು ಇರುಕಿಕೊಂಡು, ತಾನೇ ಮೇಲೆ ಹತ್ತಿ ಬಂದಳು.

"ದೇವರ ಮನಿ ಮ್ಯಾಲೆ ಬ್ಯಾಡಪ್ಪಾ, ಆ ಕಡೆ ನಳದ ಹತ್ರ ಸರಿಸು. ಮಳಿ ಬಂದ್ರ?"

"ಒಂದು ಹನಿ ಇಳಿಯೂದಿಲ್ಲಮ್ಮಾ."

"ಛಲೋ ಆತು." ಅತ್ತೆ ಸೊಸೆಯ ಕಡೆ ತಿರುಗಿದಳು. "ನೀ ಕೆಳಗ ನಡಿಯವಾ. ನಾಳೆ ರಾಯಚೂರಿಂದ ಅಷ್ಟು ಮಂದಿ ಬ್ರಾಹ್ಮಣರು ಊಟಕ್ಕ ಬರ್ಲಿಕತ್ತಾರ. ಬ್ಯಾಳಿ ಸುದ್ದಾ ನೆನಿ ಹಾಕಿಲ್ಲ. ಮಡೀಲೆ ಮಾಡ್ಲಿಕ್ಕೆ ನಿನ್ನ ಬಿಟ್ರ ಈ ಮನ್ಯಾಗ ಯಾರಿದ್ದಾರ?"

ಶ್ರೀಲಕ್ಷ್ಮೀ ಕದಲಲಿಲ್ಲ. ನಾಲ್ಕೂ ಮೂಲೆಗೆ ಇಟ್ಟಿಗೆ ಹೇರಿದ ಮೇಲೆ ಟೆಂಟು ಕೊನೆಗೂ ಎದ್ದು ನಿಂತಿತ್ತು. ಶಕೀಲ್ ಚಪ್ಪಾಳೆ ತಟ್ಟಿ ಕೆಳಗಿಳಿದು ಹೋದ. ಅವನು ಮರೆಯಾಗುವುದನ್ನೇ ಕಾಯುತ್ತಿದ್ದಂತೆ ಕಾವೇರಿಬಾಯಿ ಚಾಪೆ ಬಿಚ್ಚಿದಳು. ಒಳಗೆ ನೆಗ್ಗಿದ ಒಂದು ತಾಟು, ಒಂದು ಚಂಬು. ಟೆಂಟಿನ ಬಾಗಿಲಿಗೆ ಇಟ್ಟು, ಮಾರು ದೂರ ಸರಿದು ನಿಂತಳು.

"ಇನ್ನ ಮ್ಯಾಲೆ ಆ ಮೂರು ದಿನ ಇದೇ ನಿನ್ನ ಕೋಣಿ, ಯವ್ವಾ. ಹಿತ್ತಲದಾಗ ಬಾಡಿಗಿನೂ ನಿಲ್ಲೂದಿಲ್ಲ, ಮನ್ಯಾಗ ಮೈಲಿಗಿನೂ ಆಗೂದಿಲ್ಲ."

"ಒಳಗ ಗಾಳಿ ಛಲೋ ಆಡ್ತದ, ಲಕ್ಷ್ಮೀ," ಎಂದ ಉಪನ್ಯಾಸಕ. "ವೈಜ್ಞಾನಿಕ ಅದ."

ಶ್ರೀಲಕ್ಷ್ಮೀ ತಾಟನ್ನು ನೋಡಿದಳು. ಗಂಡನನ್ನು ನೋಡಿದಳು. ಅವನು ಸೊಟ್ಟ ಗೂಟವೊಂದನ್ನು ನೆಟ್ಟಗೆ ಮಾಡುವುದರಲ್ಲಿ ಮಗ್ನನಾಗಿದ್ದ. ಅವಳು ಬಗ್ಗಿ ಟೆಂಟಿನೊಳಗೆ ಹೋದಳು. ಜಿಪ್ಪು ಸರ್ರನೆ ಮುಚ್ಚಿತು.

"ಅತ್ಯಾ," ಎಂದಿತು ಒಳಗಿನ ದನಿ, "ನಾ ಈಗಲೇ ಹೊರಗಾದೆ. ನಾಳಿನ ಅಡಗಿ ನೀವು ನೋಡ್ಕೋರಿ."