ತಾಲೀಮಿನ ಸದ್ದು

ನಡುರಾತ್ರಿ ಪಕ್ಕದ ಕೋಣೆಯಲ್ಲಿ ಚಟ್ಟೆಂದು ಸದ್ದಾಯಿತು. ಗಂಡನೊಡನೆ ಮಗಳ ಮನೆಗೆ ಬಂದಿದ್ದ ತಾಯಿ ಎದ್ದು ಹೋಗಿ ಬಾಗಿಲು ತಳ್ಳಿದಳು.

“ಗಾಬರಿಯಾಗ್ಬೇಡಿ ಅತ್ತೆ, ನಾಟಕದ ತಾಲೀಮು,” ಎಂದು ಹವ್ಯಾಸಿ ನಟನಾದ ಅಳಿಯ ನಕ್ಕ. “ರಂಗದ ಮೇಲೆ ಯಾರೂ ನಿಜವಾಗಿ ಹೊಡೆಯಲ್ಲ. ನಾನು ಕೈ ಬೀಸ್ತೀನಿ, ಇವಳು ಮುಖ ತಿರುಗಿಸಿ ತನ್ನೆರಡು ಕೈ ತಟ್ಟಿ ಸದ್ದು ಮಾಡ್ತಾಳೆ. ನೀವೂ ಕಲ್ತ್ಕೊಳ್ಳಿ, ಸಂಸಾರಕ್ಕೂ ಇದೇ ಸೂತ್ರ. ಸದ್ದು ಜಾಸ್ತಿ, ಪೆಟ್ಟು ಕಮ್ಮಿ!”

ಮಗಳು ಎರಡೂ ಕೈಗಳಿಂದ ಮಗುವನ್ನು ಅವಚಿ ಹಿಡಿದಿದ್ದಳು. ತಾಯಿಯ ಕಣ್ಣು ಆ ಕೈಗಳ ಮೇಲೆ ನಿಂತಿದ್ದನ್ನು ಕಂಡು, ಬೇಡವೆಂಬಂತೆ ಮೆಲ್ಲನೆ ತಲೆಯಾಡಿಸಿದಳು.

“ಏನೇ ಅದು ಸದ್ದು?” ಎಂದು, ತಾಯಿ ತಮ್ಮ ಕೋಣೆಗೆ ಮರಳಿದಾಗ ಅವಳ ಗಂಡ ಹಾಸಿಗೆಯಿಂದಲೇ ಕೇಳಿದ.

“ತಾಲೀಮಂತೆ, ಮಲಗಿ,” ಎಂದಳು ತಾಯಿ. ಬೆಳಗಾದ ಮೇಲೂ ಯಾರಿಗೂ ಇದಕ್ಕಿಂತ ಹೆಚ್ಚು ಹೇಳಬಾರದೆಂದು ಅವಳು ಆ ಬಾಗಿಲಲ್ಲೇ ನಿರ್ಧರಿಸಿದ್ದಳು.