ನೆರವಿನ ಪೆಟ್ಟಿಗೆ

ಆ ದಿನದಿಂದಲೇ ದೇಶದ ಎಲ್ಲ ಪಂಚಾಯಿತಿಗಳೂ ಒಂದೇ ಹೊಸ ಆನ್‌ಲೈನ್ ವ್ಯವಸ್ಥೆಗೆ ಬರಬೇಕಿತ್ತು. ಸಿದ್ಧತೆಗೆಂದು ಕೇಂದ್ರದಿಂದ ಒಂದು ಪೆಟ್ಟಿಗೆ ಬಂದಿತ್ತು. ಅದರಲ್ಲಿ ಗೋಡೆಯಗಲದ ಬ್ಯಾನರ್, ಸಹಾಯವಾಣಿ ಸಂಖ್ಯೆ ಮತ್ತು ‘ಸದಾ ಆನ್ ಇರಲಿ’ ಎಂದು ಚೀಟಿ ಅಂಟಿಸಿದ ಒಂದು ಹೊಸ ಮೊಬೈಲ್ ಇದ್ದವು. ಮೊಬೈಲ್ ಯಾತಕ್ಕೆಂದು ಯಾರೂ ಹೇಳಿರಲಿಲ್ಲ.

ಗಂಡನ ಮರಣ ಪ್ರಮಾಣಪತ್ರಕ್ಕೆಂದು ಫಕೀರವ್ವ ಅಂದೂ ಬಂದು ಕುಳಿತಿದ್ದಳು.

“ಹಳೇದು ಮುಚ್ಯಾರ, ಹೊಸಾದು ತೆರೀವಲ್ದು. ನಾ ಏನ್ ಮಾಡ್ಲಿ ಯವ್ವಾ?” ಎಂದಳು ಪಂಚಾಯಿತಿ ಅಧಿಕಾರಿ ಶಾಂಭವಿ.

“ಅಂವ ಸತ್ತಿದ್ದು ಖರೇ ಐತಲ್ರಿ. ಕೈಲೆ ಬರದು ಕೊಡ್ರಿ.”

“ಕೈಲೆ ಬರದ್ರ ನಡ್ಯಂಗಿಲ್ಲ.”

ಶಾಂಭವಿ ತನ್ನ ಫೋನಿನಿಂದ ಸಹಾಯವಾಣಿಗೆ ಮತ್ತೆ ಕರೆ ಮಾಡಿದಳು. ದೆಹಲಿಯವರು ಬೆಂಗಳೂರಿಗೆ ದಾಟಿಸಿದರು, ಬೆಂಗಳೂರಿನವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

“ಮೇಡಂ, ಇದು ನಮ್ಮ ಕೈಯಾಗಿಲ್ಲ,” ಎಂದ ತಾಲ್ಲೂಕಿನವನು. “ನಿಮ್ಮೂರಿಗಂತನ ಒಬ್ರು ಪರಿಣತರನ್ನ ನೇಮಿಸ್ಯಾರ. ಲೈನ್ ಕೊಡ್ತೀನಿ, ಫೋನ್ ಇಡಬ್ಯಾಡ್ರಿ.”

“ಯಾರ್ರೀ ಅವರು? ಹೆಸರರ ಹೇಳ್ರಿ.”

“ಹೆಸರಿಲ್ರಿ. ಬರೇ ನಂಬರ್ ಐತಿ.”

ಮೇಜಿನ ಮೇಲಿದ್ದ ಹೊಸ ಮೊಬೈಲ್ ಮೊದಲ ಸಲ ರಿಂಗಾಯಿತು.

ಅತ್ತ ರಿಂಗ್ ಹೋಗುತ್ತಿದ್ದ ತನ್ನ ಫೋನನ್ನು ಕಿವಿಗೆ ಹಿಡಿದುಕೊಂಡೇ ಶಾಂಭವಿ ಆ ಮೊಬೈಲನ್ನು ನೋಡುತ್ತ ಕುಳಿತಳು.

“ಎತ್ರಿ ಅಕ್ಕಾರ,” ಎಂದಳು ಫಕೀರವ್ವ. “ಅವರ ಇರಬೇಕು.”